ನೀಲಿ ಗೆರೆಯ ಮೇಲೆ

"ಇನ್ನೂ ಮೇಲೆ ಕಟ್ತೀಯಾ ಟ್ರೆಂಟ್? ಸಾಕು ಬಿಡೋ, ನಿಮ್ಮ ಅಭ್ಯರ್ಥಿಗೆ ತಲೆ ಸುತ್ತೀತು," ಎಂದಳು ಮರ್ಲ್, ತನ್ನ ಮನೆಯೆದುರಿನ ವಿದ್ಯುತ್ ಕಂಬದತ್ತ ಕತ್ತೆತ್ತಿ.

ಏಣಿಯ ತುದಿಯಲ್ಲಿದ್ದ ಪ್ಲಂಬರ್ ಟ್ರೆಂಟ್ ನಗಲಿಲ್ಲ. ಮೂರು ವರ್ಷದ ಹಿಂದಿನ ಪ್ರವಾಹ ಮುಟ್ಟಿದ ಮಟ್ಟಕ್ಕೆ ಊರವರು ಕಂಬಕ್ಕೊಂದು ನೀಲಿ ಗೆರೆ ಬಳಿದಿದ್ದರು. ಅದರ ಒಂದು ಗೇಣು ಮೇಲೆ ಎದುರು ಪಕ್ಷದವರು ಬೆಳಿಗ್ಗೆಯೇ ತಮ್ಮ ಬೋರ್ಡು ಬಿಗಿದು ಹೋಗಿದ್ದರು: 'ಹತ್ತೇ ವರ್ಷದಲ್ಲಿ ಕಲ್ಲಿದ್ದಲು ಬಂದ್.' ಅದಕ್ಕೂ ಮೇಲೆ ಟ್ರೆಂಟ್ ತನ್ನ ಅಭ್ಯರ್ಥಿಯ ಮುಖವಿದ್ದ ಬೋರ್ಡನ್ನು ಕಟ್ಟಿದ: 'ಹವಾಮಾನ ಬದಲಾವಣೆಯ ಗುಮ್ಮನಿಗೆ ಹೆದರಬೇಡಿ.'

"ಹೆದರಬೇಡಿ ಅಂತೀರಿ, ಮತ್ತೆ ಅಷ್ಟು ಮೇಲಕ್ಕೆ ಯಾಕಪ್ಪ?"

"ಪಕ್ಷದ ಆಫೀಸಿಂದ ಹೇಳಿದ್ದಾರೆ ಆಂಟಿ. ಹೋದ ಸಲ ಓಟಿಗೆ ಮೊದಲೇ ಬೋರ್ಡೆಲ್ಲ ಕೊಚ್ಕೊಂಡು ಹೋದ್ವಲ್ಲ. ಈ ಸಲ ಎಲ್ಲಾ ಗೆರೆ ಮೇಲೇ ಇರ್ಬೇಕಂತೆ."

"ಬೆಳಿಗ್ಗೆ ಅವರೂ ಹಾಗೇ ಅಂದ್ರು. ಅಂತೂ ಒಂದು ವಿಷಯಕ್ಕೆ ಎರಡೂ ಪಕ್ಷ ಒಪ್ಪಿದ್ವು."

ಮರ್ಲ್ ತನ್ನ ಮನೆಯತ್ತ ತಿರುಗಿದಳು. ಗೆರೆಯ ಮಟ್ಟ ಹಿಡಿದು ನೋಡಿದರೆ ಕಿಟಕಿಗಳೆಲ್ಲ ಮುಳುಗಿ ಸೂರಿನ ಅಂಚಷ್ಟೇ ಉಳಿಯುತ್ತಿತ್ತು. ಆ ದಿನ ಗಂಡ ರಾನ್ ಅವಳನ್ನು ಹೆಗಲ ಮೇಲೆ ನಿಲ್ಲಿಸಿಕೊಂಡು ಅದೇ ಅಂಚಿಗೆ ಹತ್ತಿಸಿದ್ದ. ಅವನನ್ನು ಹತ್ತಿಸಲು ಕೆಳಗೆ ಯಾರೂ ಇರಲಿಲ್ಲ.

ಟ್ರೆಂಟ್ ಇಳಿದು ಏಣಿ ಮಡಚತೊಡಗಿದ. "ಶನಿವಾರ ಶಾಲೆ ಬೂತ್ ಹತ್ರ ಓಟು ಹಾಕೋರಿಗೆ ಸಾಸೇಜ್ ಸುಡೋನು ನಾನೇ ಆಂಟಿ. ಬನ್ನಿ. ಓಟು ನಮಗೇ ತಾನೇ?"

"ನೋಡೋಣ." ಮರ್ಲ್ ಏಣಿಯ ಮೇಲೆ ಕೈಯಿಟ್ಟಳು. "ಇದನ್ನ ಇಲ್ಲೇ ಬಿಟ್ಟು ಹೋಗು."