ಎರಡು ಕೈಗಳ ನಾಣ್ಯ

"ಮೇಡಂ ಎಂತ ಹೇಳಿದ್ದು ಅಕ್ಕ?" ಹಸೀಬಾ ಕೇಳಿದಳು.

ಅವಳ ಅಂಗೈಯಲ್ಲಿ ಹಸಿರು ಕಿಲುಬು ಹಿಡಿದ ಕಂಚಿನ ನಾಣ್ಯವೊಂದಿತ್ತು. ಅಲ್ ಖುವೈರಿನ ಹೊಲಿಗೆ ಅಂಗಡಿಯ ಒಡತಿ, ಒಮಾನಿ ಮೇಡಂ, ಮಗಳ ಮದುವೆಯ ಉಡುಪು ಚಂದ ಹೊಲಿದಳೆಂದು ಈಗಷ್ಟೇ ಕೊಟ್ಟುಹೋಗಿದ್ದರು. ಹದಿನೈದು ವರ್ಷದಿಂದ ಅಲ್ಲೇ ಹೊಲಿಯುತ್ತಿರುವ ಲೋಲಾಕ್ಷಿಗೆ ಸಿಕ್ಕಿದ್ದು ಒಂದು ಡಬ್ಬ ಹಲ್ವ. ಅದೂ ಎಲ್ಲರಿಗೂ ಹಂಚಿದ್ದರಲ್ಲಿ ಒಂದು. ಹೊಟ್ಟೆ ಉರಿಯದೆ ಇರುತ್ತದೆಯೆ? ನಿನ್ನೆ ಮೊನ್ನೆ ಬಂದವಳು! ಇಲ್ಲಿಯವರ ಅಳತೆಗೆ ಬಟ್ಟೆ ಕತ್ತರಿಸಲು ಕಲಿಸಿದ್ದೇ ಲೋಲಾಕ್ಷಿ.

ಹಸೀಬಾಳಿಗೆ ಅರಬಿ ಓದಲು ಬರುತ್ತಿತ್ತು, ಇಲ್ಲಿಯವರ ಮಾತು ಮಾತ್ರ ತಲೆಗೆ ಹೋಗುತ್ತಿರಲಿಲ್ಲ. ಮೇಡಂ ಆಡಿದ್ದನ್ನೆಲ್ಲ ಲೋಲಾಕ್ಷಿಯೇ ಬಿಡಿಸಿ ಹೇಳಬೇಕು.

"ರೋಮಿನವರ ಕಾಲದ್ದಂತೆ ಮಾರಾಯ್ತಿ. ಮೇಡಮ್ಮಿನ ಅಜ್ಜ ಹಡಗಿನ ವ್ಯಾಪಾರದಲ್ಲಿ ತಂದದ್ದು. ಒಂದು ಬದಿ ರಾಜನ ತಲೆ. ಇನ್ನೊಂದು ಬದಿ ಕೈಗೆ ಕೈ ಕೊಟ್ಟದ್ದು ಉಂಟಲ್ಲ, ಅದು ನಂಬಿಕೆಯ ಗುರುತಂತೆ."

"ಮತ್ತೆ ಬೆರಳು ಅಲ್ಲಾಡಿಸಿ ಎಂತದೋ ಹೇಳಿದ್ರಲ್ಲ?"

ಬೆರಳು ಅಲ್ಲಾಡಿಸಿ ಮೇಡಂ ಹೇಳಿದ್ದು, ಇದನ್ನು ಯಾವತ್ತೂ ಉಜ್ಜಬೇಡ, ಚಿತ್ರ ಉಳಿದಿರುವುದೇ ಆ ಕಿಲುಬಿನಲ್ಲಿ ಎಂದು. ಲೋಲಾಕ್ಷಿ ಸೂಜಿಗೆ ನೂಲು ಪೋಣಿಸುತ್ತ, ಮುಖ ಎತ್ತದೆ ಹೇಳಿದಳು: "ಹೀಗೆ ಕೊಳಕು ಇಟ್ಟುಕೊಳ್ಳಬೇಡ ಅಂತ. ಹುಣಸೆಹುಳಿ, ಉಪ್ಪು ಹಾಕಿ ಲಾಯ್ಕ ತಿಕ್ಕು. ನಮ್ಮ ಮನೆಯ ಕಾಲುದೀಪ ಹೇಗೆ ಹೊಳೆಯುತ್ತದೆ, ನೋಡಿದ್ದಿಯಲ್ಲ?"

ಸಂಜೆ ಮನೆಗೆ ಹೋಗುವಾಗ ವಾದಿ ಕಬೀರಿನವರೆಗೆ ಬಸ್ಸಿನಲ್ಲಿ ಹಸೀಬಾಳ ಪಕ್ಕದಲ್ಲೇ ಕುಳಿತಿದ್ದರೂ ಲೋಲಾಕ್ಷಿ ಹೇಳಿದ್ದನ್ನು ತಿದ್ದಲಿಲ್ಲ. ಹಾಳಾಗಲಿ, ಹಲ್ವ ಮಾತ್ರ ಸಿಕ್ಕಿದವಳಿಗೆ ನಾಣ್ಯದ ಚಿಂತೆ ಎಂತಕ್ಕೆ!

ರಜೆಯ ಶುಕ್ರವಾರ ಬೆಳಿಗ್ಗೆ ಹಸೀಬಾ ಬಂದು ಬಾಗಿಲು ತಟ್ಟಿದಳು. ಲೋಲಾಕ್ಷಿ ಶಾಲು ಹೊದ್ದುಕೊಂಡು ಬಾಗಿಲು ತೆರೆದಳು. ಬೆರಳಿನ ಸಂದಿಯಲ್ಲೆಲ್ಲ ಹುಣಸೆಯ ಕರೆ. ಅಂಗೈಯಲ್ಲಿ ಹೊಸ ತಂಬಿಗೆಯ ಹಾಗೆ ಥಳಥಳಿಸುವ ಬಿಲ್ಲೆ. ರಾಜನ ತಲೆಯೂ ಇರಲಿಲ್ಲ, ಕೈಗಳೂ ಇರಲಿಲ್ಲ.

"ಚಿತ್ರ ಹೋಯ್ತು ಅಕ್ಕ. ಪಾತ್ರೆಯ ಸ್ಟೀಲ್ ನಾರಿನಲ್ಲಿ ಜೋರು ತಿಕ್ಕಿಬಿಟ್ಟೆ, ನನ್ನದೇ ತಪ್ಪು. ಮೇಡಮ್ಮಿಗೆ ಹೇಳಬೇಡಿ ಆಯ್ತಾ? ಆದ್ರೆ ಹೊಳಪು ನೋಡಿ! ತಕೊಳ್ಳಿ, ಇದು ನಿಮಗೆ."

"ನನಗಾ? ಎಂತಕ್ಕೆ?"

"ನಂಬಿಕೆಯ ಗುರುತು ಅಂದ್ರಲ್ಲ ನೀವು. ಈ ಊರಲ್ಲಿ ನಾನು ನಂಬಿದ್ದು ಇನ್ಯಾರನ್ನು? ನಿಮಗೇ ಕೊಡ್ಬೇಕು ಅಂತ ಅವತ್ತೇ ನೆನೆಸಿದ್ದೆ. ಅದಕ್ಕೇ ಅಷ್ಟು ತಿಕ್ಕಿದ್ದು."

ಹಸೀಬಾ ಕೈ ಚಾಚಿಕೊಂಡೇ ನಿಂತಿದ್ದಳು. ಶಾಲಿನೊಳಗಿಂದ ಲೋಲಾಕ್ಷಿಯ ಕೈ ಹೊರಗೆ ಬರಲಿಲ್ಲ.