ಹಿಂದಿನ ಟ್ರಾಲಿ

ಹೊಸ ಇಟ್ಟಿಗೆಯ ಧೂಳು ಮೂಗಿಗೆ ಬಡಿದರೆ ಇಂದಿಗೂ ನಾನು ಕೆಲಸ ನಿಲ್ಲಿಸಿ ರಸ್ತೆಯತ್ತ ನೋಡುತ್ತೇನೆ.

ಆ ಮಧ್ಯಾಹ್ನ ಅಪ್ಪ ಟ್ರ್ಯಾಕ್ಟರಿಗೆ ಎರಡು ಟ್ರಾಲಿ ಕಟ್ಟಿ ರಬಾಳೆಯ ಕಟ್ಟಡದ ಸೈಟುಗಳಿಗೆ ಹೊರಟಿದ್ದ. ಮೊದಲ ಸೈಟಿನಲ್ಲೇ ಹಿಂದಿನ ಟ್ರಾಲಿ ಕಳಚಿಟ್ಟು ಹೋದರೆ ಹೊತ್ತು ಉಳಿಯುತ್ತದೆಂದು ಇಟ್ಟಿಗೆಯನ್ನೆಲ್ಲ ಅದಕ್ಕೇ ತುಂಬಿಸಿದ್ದ. ಮುಂದಿನದು ಖಾಲಿ, ಎರಡನೆಯ ಸೈಟಿನಲ್ಲಿ ಮಣ್ಣು ತುಂಬಿಕೊಳ್ಳಲು.

“ಭಾರ ಮುಂದ ಇರ್ಲಿ ಅಂತೀನ್ರಿ,” ಅಂದಳು ಅವ್ವ.

“ಡ್ರೈವರ್ ನೀನೋ, ನಾನೋ?”

ಅವ್ವ ಒಂದು ಮಡ್‌ಗಾರ್ಡಿನ ಮೇಲೆ ಕೂತಳು, ನಾನು ಇನ್ನೊಂದರ ಮೇಲೆ. ದಾರಿಯಲ್ಲಿ ಒಂದು ಇಳಿಜಾರು ಅರ್ಧ ಇಳಿದಾಗ ಹಿಂದಿನ ಟ್ರಾಲಿ ಎಡಕ್ಕೂ ಬಲಕ್ಕೂ ಹೊಡೆಯತೊಡಗಿತು. ಅದರ ಎಳೆತಕ್ಕೆ ಖಾಲಿ ಟ್ರಾಲಿ ಧಡಧಡ ಕುಣಿಯಿತು. ಎದುರಿನಿಂದ ಬಸ್ಸು ಬರುತ್ತಿತ್ತು.

“ಬ್ರೇಕ್ ಒತ್ರೀ!” ಅವ್ವ ಚೀರಿದಳು.

“ಒತ್ತಿದ್ರ ಹಿಂದಿಂದು ನಮ್ಮನ್ನ ಕೆಡವ್ತದ! ಗಟ್ಟಿ ಹಿಡ್ಕೋರಿ!”

ಅಪ್ಪ ಸ್ಟೇರಿಂಗ್ ನೆಟ್ಟಗೆ ಹಿಡಿದು ರೇಸಿನ ಮೇಲಿನ ಕಾಲನ್ನು ಮೆಲ್ಲಮೆಲ್ಲಗೆ ಸಡಿಲಿಸಿದ. ಬಸ್ಸು ನನ್ನ ಮೊಣಕಾಲಿಗೆ ಗಾಳಿ ಬಡಿಯುವಷ್ಟು ಹತ್ತಿರ ಹಾದುಹೋಯಿತು. ಹೊಡೆತ ಕಡಿಮೆಯಾಗುತ್ತ ಬಂತು. ಕೆಳಗೆ ಸಪಾಟು ರಸ್ತೆಯಲ್ಲಿ ಗಾಡಿ ನಿಂತಿತು.

“ಹೆದರಿದೇನಲೇ, ಪುಕ್ಕಲಾ?” ಅಪ್ಪ ನನ್ನನ್ನು ನೋಡಿ ನಕ್ಕ.

ಅವ್ವ ಎದ್ದು ಬಂದು, ಸ್ಟೇರಿಂಗಿಗೆ ಬಿಗಿದುಕೊಂಡಿದ್ದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.