ಜ್ವಾಲಾಮುಖಿಯ ಕಡುಬು

ಉಮಾವತಿ ಕಡುಬಿನ ಹಿಟ್ಟಿಗೆ ಒಂದು ಚಮಚ ಕಪ್ಪು ಉಪ್ಪು ಸುರಿದು, ಮೂಸಿ ನೋಡಿ, ಇನ್ನೊಂದು ಚಿಟಿಕೆ ಹಾಕಿದಳು. ಪಾನಿಪುರಿಯ ನೀರಿಗೆ ಹಾಕುವ ಉಪ್ಪು ಅದು. ಬೇಯಿಸಿದ ಮೊಟ್ಟೆಯ ವಾಸನೆ ಅದಕ್ಕೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಂಡ ಶ್ರೀಜಿತ್ ಮೂಗು ಮುಚ್ಚಿಕೊಂಡು, ಅನ್ನಕ್ಕೆ ಸುಳ್ಳು ಬೆರೆಸಬಾರದು ಅಂದ. ಪಾಪಪುಣ್ಯ ನೋಡುವಷ್ಟು ಪುರುಸೊತ್ತು ಉಮಾವತಿಗಿರಲಿಲ್ಲ. ಊಟಕ್ಕೆ ಕರೆದಿದ್ದ ಭಾನುಮತಿ ನೆದರ್ಲೆಂಡ್ಸಿನ ಈ ಯುಟ್ರೆಕ್ಟ್ ಊರಿಗೆ ಬರಲು ಆಗಲೇ ಸೈಕಲ್ ಸಮೇತ ರೈಲು ಹತ್ತಿಯಾಗಿತ್ತು.

"ಯಾರು ಕೇಳಿದ್ರೂ ನೀವು ಬಾಯಿ ಬಿಡ್ಲಿಕ್ಕಿಲ್ಲ. ಕಿವಿ ಮುಚ್ಚುವ ಟೊಪ್ಪಿ ಹಾಕಿ ಕೂತ್ಕೊಳ್ಳಿ," ಎಂದಳು. ಸುಳ್ಳು ಹೇಳಿದರೆ ಶ್ರೀಜಿತನ ಕಿವಿ ಕೆಂಪಾಗುತ್ತದೆ ಎಂಬುದು ಪರಿಚಯದವರಿಗೆಲ್ಲ ಗೊತ್ತು.

ಇದಕ್ಕೆಲ್ಲ ಕಾರಣ ಹೋದ ವರ್ಷದ ಒಂದು ಕಡುಬು. ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪಗಳಿಗೆ ಹೋಗಿಬಂದ ಭಾನುಮತಿ, ಜ್ವಾಲಾಮುಖಿಯ ಬಿಸಿನೆಲದಲ್ಲಿ ಹೂತು ಬೇಯಿಸಿದ್ದು ಅಂತ ಅದನ್ನು ತಂದು, ಇಲ್ಲಿನ ಉಡುಪಿ-ಮಂಗಳೂರಿನವರಿಗೆಲ್ಲ ಪ್ರಸಾದದ ಹಾಗೆ ಒಂದೊಂದು ತುಂಡು ಹಂಚಿದ್ದರು. ಗಂಧಕದ ವಾಸನೆಯ ಆ ಕಡುಬಿನ ಹೊಗಳಿಕೆ ವರ್ಷ ಕಳೆದರೂ ಮುಗಿದಿರಲಿಲ್ಲ. ಕೇಳಿ ಕೇಳಿ ಉಮಾವತಿಗೆ ಹೊಟ್ಟೆ ಉರಿದುಹೋಗಿತ್ತು. ನಾನೂ ತರುತ್ತೇನೆ ಅಂತ ವಾಟ್ಸಾಪ್ ಗುಂಪಿನಲ್ಲಿ ಡಂಗುರ ಸಾರಿಯೇ ವಿಮಾನ ಹತ್ತಿದ್ದಳು. ಭಾನುಮತಿಯ ಎದುರು ಬರಿಗೈಯಲ್ಲಿ ನಿಲ್ಲುವುದಕ್ಕಿಂತ ಆ ಜ್ವಾಲಾಮುಖಿಗೇ ಹಾರುವುದು ವಾಸಿ ಎಂದು ಅವಳು ತೀರ್ಮಾನಿಸಿದ್ದಳು.

ಪ್ರಯತ್ನದಲ್ಲೇನೂ ಕೊರತೆ ಇರಲಿಲ್ಲ. ಅಲ್ಲಿನ ಬಾಡಿಗೆ ಮನೆಯಲ್ಲಿ ಹಿಟ್ಟು ರುಬ್ಬಿ, ಬಾಳೆಲೆಯಲ್ಲಿ ಕಟ್ಟಿ, ಸ್ಟೀಲ್ ಡಬ್ಬಿಯ ಮುಚ್ಚಳ ಬಿಗಿದಳು. ಕೆರೆಯ ದಡದಲ್ಲಿ ಹೊಗೆಯಾಡುವ ಗುಂಡಿಗಳಿಗೆ ಹೋಟೆಲುಗಳ ಅಡುಗೆಯ ಹಂಡೆ ಇಳಿಸುವವನನ್ನು ಕಾಡಿಬೇಡಿ ಒಪ್ಪಿಸಿದಳು. ಅದು ಬೇಯುವಷ್ಟರಲ್ಲಿ ಬೆಟ್ಟ ಹತ್ತಿ ಬರೋಣ ಅಂತ ಇಬ್ಬರೂ ಹೊರಟರು. ನೀಲಿ ಹೂವಿನ ಬೇಲಿಗಳ ನಡುವೆ ದಾರಿ ಚಂದವೇ ಇತ್ತು. ಮೇಲೆ ಹೋದಂತೆ ಮಂಜು ಇಳಿಯಿತು ನೋಡಿ, ದಾರಿಯೂ ಇಲ್ಲ, ಬೆಟ್ಟದ ತುದಿಯ ಜ್ವಾಲಾಮುಖಿಯ ಬಾಯಿಯೂ ಇಲ್ಲ, ಅದರೊಳಗಿನ ಹಸಿರು ಕೆರೆಯೂ ಇಲ್ಲ. ಕಂಡದ್ದು ಒಂದೇ ಒಂದು ದನ. ಇದರ ಹಿಂದೆ ನಡೆದರೆ ಊರು ಸಿಗುತ್ತದೆ ಎಂದ ಶ್ರೀಜಿತ್. ಅದು ಆಗಷ್ಟೇ ಮೇಯಲು ಹೊರಟ ದನ.

ತೊಯ್ದು ತೊಪ್ಪೆಯಾಗಿ ಸಂಜೆಗೆ ಕೆಳಗಿಳಿದಾಗ ಗುಂಡಿಗಳೆಲ್ಲ ಖಾಲಿ. ಡಬ್ಬಿಯ ಮೇಲೆ ಉಮಾವತಿಯ ತಾಯಿ ಕೆತ್ತಿಸಿದ ಹೆಸರೇನೋ ಇತ್ತು, ಆದರೆ ಕನ್ನಡ ಓದುವವರು ಅಲ್ಲಿ ಯಾರು? ಅದು ಯಾವುದೋ ಹೋಟೆಲಿನ ಹಂಡೆಗಳ ಜೊತೆ ಹೋಗಿ, ಯಾರೋ ಜರ್ಮನ್ ದಂಪತಿ ಕಡುಬಿಗೆ ಸಾಸಿವೆ ಸಾಸ್ ಹಚ್ಚಿ ತಿಂದು, ಬಹಳ ಚೆನ್ನಾಗಿತ್ತೆಂದು ಹೇಳಿ ಹೋಗಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಡಬ್ಬಿ ಹುಡುಕಿಕೊಂಡು ಹೋದ ಉಮಾವತಿ ಆ ಹೋಟೆಲಿನ ಬಾಗಿಲಲ್ಲೇ ಅತ್ತುಬಿಟ್ಟಳು. ಡಬ್ಬಿಯ ತಳಕ್ಕೆ ಅಂಟಿದ್ದ ಒಂದು ಚೂರನ್ನು ಕೆರೆದು ತಿಂದ ಶ್ರೀಜಿತ್, ಇದರಲ್ಲಿ ಗಂಧಕದ ವಾಸನೆಯೇ ಇಲ್ಲ, ಥೇಟ್ ನಮ್ಮ ಮನೆಯ ಕಡುಬೇ ಅಂದ. ನೆಗಡಿಯಾದ ಮೂಗಿನ ಮಾತು ಅಂತ ಅವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮತ್ತೊಮ್ಮೆ ಬೇಯಿಸಲು ಅಲ್ಲಿ ದಿನ ಉಳಿದಿರಲಿಲ್ಲ; ನಿನ್ನೆ ವಿಮಾನ ಇಳಿದಿದ್ದರು. ಇವತ್ತು ಅತಿಥಿಗಳು ಕಡಿದಾದ ಮರದ ಮೆಟ್ಟಿಲು ಹತ್ತಿ ಬಂದು ಕೋಣೆಯ ತುಂಬ ಕೂತರು. ಉಮಾವತಿ ಅದೇ ಸ್ಟೀಲ್ ಡಬ್ಬಿಯಿಂದ ಕಡುಬು ಬಡಿಸಿದಳು. ವಾಸನೆ ಎದ್ದದ್ದೇ ಎಲ್ಲರೂ ಆಹಾ ಅಂದರು. ಭಾನುಮತಿಯ ಗಂಡ ಜಯದೇವ ಮಾತ್ರ ಯಾಕೋ ತಟ್ಟೆಯಿಂದ ತಲೆ ಎತ್ತಲಿಲ್ಲ.

ಭಾನುಮತಿ ಒಂದು ತುಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದರು. ಆಮೇಲೆ ನೇರವಾಗಿ ಶ್ರೀಜಿತನತ್ತ ತಿರುಗಿದರು.

"ಎಷ್ಟು ಹೊತ್ತು ಹೂತಿಟ್ಟದ್ದು ಶ್ರೀಜಿತ್?"

ಉಮಾವತಿಯ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. ಟೊಪ್ಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡ ಶ್ರೀಜಿತ್, "ಬೆಳಿಗ್ಗೆ ಇಟ್ಟದ್ದು ಭಾನಕ್ಕ. ನಾವು ಬೆಟ್ಟ ಇಳಿದು ಬರುವಾಗ ಸಂಜೆ ಆಗಿತ್ತು," ಎಂದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಟೊಪ್ಪಿಯೊಳಗೆ ಕಿವಿ ಕಾದುಹೋಯಿತು.

ಭಾನುಮತಿ ಕಣ್ಣರಳಿಸಿ, ಇದು ಅಪ್ಪಟ ಜ್ವಾಲಾಮುಖಿಯದೇ, ವಾಸನೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ ಎಂದು ಸಭೆಗೆ ಸಾರಿದರು. ಎಲ್ಲರೂ ಇನ್ನೊಂದು ತುಂಡಿಗೆ ತಟ್ಟೆ ಚಾಚಿದರು. ಉಮಾವತಿಗೆ ಹೋದ ಜೀವ ಬಂದಂತಾಯಿತು. ಗೆದ್ದ ಖುಷಿಯಲ್ಲಿ, ಕಾಣದ ಹಸಿರು ಕೆರೆಯನ್ನೂ ಅವಳು ಅಷ್ಟುದ್ದ ವರ್ಣಿಸಿದಳು.

ಹೊರಡುವಾಗ ಭಾನುಮತಿಯನ್ನು ಕಳಿಸಲು ಉಮಾವತಿ ಕೆಳಗಿನ ಬಾಗಿಲವರೆಗೂ ಬಂದಳು. ಜಯದೇವ ಆಗಲೇ ಬೀದಿಯಲ್ಲಿ ಸೈಕಲಿನ ಬೀಗ ತೆಗೆಯುತ್ತಿದ್ದ. ಭಾನುಮತಿ ಮಳೆಕೋಟಿನ ಗುಂಡಿ ಹಾಕಿಕೊಂಡು, ಮೆಟ್ಟಿಲ ಮೇಲೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಉಮಾವತಿಯ ಕಿವಿಯ ಹತ್ತಿರ ಬಾಗಿದರು.

"ಹೋದ ವರ್ಷ ನಂದು ಸ್ವಲ್ಪ ಜಾಸ್ತಿ ಆಗಿತ್ತು ಮಾರಾಯ್ತಿ. ಕಪ್ಪು ಉಪ್ಪು ಇಷ್ಟೇ ಸಾಕು."